ಪರದೆಯ ಮೇಲಿನ ಸೈಟು, ಪಹಣಿಯೊಳಗಿನ ನೆಲ

ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ದೇವನಹಳ್ಳಿಯನ್ನು ದಾಟಿದ ಮೇಲೆ ಸಿಗುವ ಆವತಿ, ನಾಡಪ್ರಭುಗಳ ಮನೆತನವೊಂದು ಮೊದಲು ನೆಲೆಯೂರಿದ ಊರೆಂದು ಇತಿಹಾಸದಲ್ಲಿ ಹೆಸರಾಗಿದೆ. 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದ ಮಲ್ಲಭೈರೇಗೌಡನು ಈ ಮನೆತನಕ್ಕೆ ಸೇರಿದವನು. ಇದೇ ಊರಿನ ಹೆಸರು ಈಗ ಸೈಟು ಮತ್ತು ವಿಲ್ಲಾ ಮಾರಾಟದ ಜಾಲತಾಣಗಳಲ್ಲಿ ಓಡಾಡುತ್ತಿದೆ. 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದಂದಿನಿಂದ ದೇವನಹಳ್ಳಿ ತಾಲ್ಲೂಕಿನ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಚಕ್ಕೋತ ತೋಟಗಳು ಒಂದೊಂದಾಗಿ ಬಡಾವಣೆಗಳಾಗುತ್ತಿದ್ದು, ನೆಲವನ್ನು ಕಣ್ಣಾರೆ ನೋಡದವರೂ ಮೊಬೈಲಿನಲ್ಲೇ ಅದರ ಅಳತೆ, ದಿಕ್ಕು, ದರಗಳನ್ನು ನೋಡಿ ಮುಂಗಡ ಕೊಡುವಷ್ಟು ವ್ಯವಹಾರದ ಸ್ವರೂಪ ಬದಲಾಗಿದೆ. ಈ ಭಾಗದಲ್ಲಿ ಮನೆ ಕೊಳ್ಳುವವರು ಅನೇಕ ವೇಳೆ ಮೊದಲು ಕೊಳ್ಳುವುದು ಸೈಟನ್ನು, ಅಂದರೆ ನೆಲವನ್ನು. ಆದ್ದರಿಂದ ತಂತ್ರಜ್ಞಾನ ಇಲ್ಲಿ ಏನನ್ನು ಬದಲಿಸಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಹೊಳೆಯುವ ಆಪ್‌ಗಳಿಗಿಂತ ಹೆಚ್ಚಾಗಿ ಸರ್ಕಾರದ ನೀರಸ ದತ್ತಾಂಶ ಕೋಶಗಳಲ್ಲಿ ಹುಡುಕಬೇಕಾಗುತ್ತದೆ.

ಜಾಲತಾಣಗಳ ವಿಚಾರವನ್ನು ಬೇಗನೆ ಹೇಳಿ ಮುಗಿಸಬಹುದು. ಈ ಶತಮಾನದ ಮೊದಲ ದಶಕದಲ್ಲಿ 99ಏಕರ್ಸ್ ಮತ್ತು ಮ್ಯಾಜಿಕ್‌ಬ್ರಿಕ್ಸ್ ಬಂದವು. 2014ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನೋಬ್ರೋಕರ್, ಮಾಲೀಕನನ್ನೂ ಕೊಳ್ಳುವವನನ್ನೂ ನೇರವಾಗಿ ಸೇರಿಸಿ ದಲ್ಲಾಳಿಯ ಕಮಿಷನ್ ಉಳಿಸುವುದಾಗಿ ಹೇಳಿತು. ನಗರದ ಬಾಡಿಗೆ ಮನೆಗಳ ಮಟ್ಟಿಗೆ ಈ ಮಾತು ಸಾಕಷ್ಟು ನಿಜವಾಯಿತು. ಹಳ್ಳಿಯ ಅಂಚಿನ ನೆಲದ ವಿಷಯದಲ್ಲಿ ಮಾತ್ರ ದಲ್ಲಾಳಿ ಎಲ್ಲಿಗೂ ಹೋಗಿಲ್ಲ; ಅವನು ಸೈಟಿನ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದನ್ನು ಕಲಿತಿದ್ದಾನೆ, ಅಷ್ಟೆ. ಯಾವ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಪಾಲು ಇನ್ನೂ ಆಗಿಲ್ಲ, ಯಾವ ಹೊಲಕ್ಕೆ ದಾರಿಯ ತಕರಾರಿದೆ ಎಂಬ ತಿಳಿವಳಿಕೆ ಜಾಹೀರಾತಿನ ಚಿತ್ರದಲ್ಲಿ ಇರುವುದಿಲ್ಲವಾದ್ದರಿಂದ, ಆ ತಿಳಿವಳಿಕೆಯುಳ್ಳವನಿಗೆ ಬೆಲೆ ಉಳಿದೇ ಇದೆ.

ನಿಜವಾದ ಪಲ್ಲಟ ಆರಂಭವಾದದ್ದು ‘ಭೂಮಿ’ ಯೋಜನೆಯಿಂದ. ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆ, ಸಾಲಗಳನ್ನು ಒಂದೇ ಹಾಳೆಯಲ್ಲಿ ಹೇಳುವ ದಾಖಲೆಗೆ ಪಹಣಿ ಎಂದು ಹೆಸರು. ಇದನ್ನು ದಶಕಗಳ ಕಾಲ ಕೈಬರಹದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದವರು ಗ್ರಾಮ ಲೆಕ್ಕಿಗರು, ಮತ್ತು ಅವರ ಸಮಯ ಹಾಗೂ ಮರ್ಜಿ ನೋಡಿಕೊಂಡು ರೈತರು ಅಲೆಯಬೇಕಾಗಿತ್ತು. ಕಂದಾಯ ಇಲಾಖೆಯು ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಹೆಚ್ಚುಕಡಿಮೆ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2002ರ ಹೊತ್ತಿಗೆ ತಾಲ್ಲೂಕು ಕಚೇರಿಗಳ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆ, ಅಂದರೆ ಮ್ಯುಟೇಶನ್, ಮಾಡುವ ಅಧಿಕಾರಿಯು ಬೆರಳಚ್ಚು ಕೊಟ್ಟೇ ಗಣಕವನ್ನು ತೆರೆಯಬೇಕಾಯಿತು. ಇಂದು ಅದೇ ಪಹಣಿಯನ್ನು ಆವತಿಯ ಸರ್ವೆ ನಂಬರು ಗೊತ್ತಿರುವ ಯಾರೇ ಆಗಲಿ, ಎಲ್ಲಿಂದಲೇ ಆಗಲಿ, ಪರದೆಯ ಮೇಲೆ ನೋಡಬಹುದು.

ಈ ಬಯಲುತನದ ಲಾಭ ಎಲ್ಲರಿಗೂ ಸಮನಾಗಿ ದಕ್ಕಿತೇ ಎಂಬುದು ಬೇರೆಯೇ ಪ್ರಶ್ನೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹಳ್ಳಿಯ ಮಟ್ಟದಲ್ಲಿದ್ದ ದಾಖಲೆ ಒಂದೆಡೆ ಕೇಂದ್ರೀಕೃತವಾದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ನೆಲ ಹಿಡಿಯುವ ಬಂಡವಾಳದಾರರಿಗೆ ಅನುಕೂಲವಾಯಿತೆಂದೂ, ಲಂಚ ಇಲ್ಲವಾಗಲಿಲ್ಲವೆಂದೂ ವಾದಿಸಿತ್ತು. ವಾದವನ್ನು ಪೂರ್ತಿ ಒಪ್ಪದವರೂ ಅದರ ತಿರುಳನ್ನು ಅಲ್ಲಗಳೆಯುವುದು ಕಷ್ಟ: ಪಹಣಿ ರೈತನಿಗೆ ಕಂಡಷ್ಟೇ ಸುಲಭವಾಗಿ ಅವನ ನೆಲದ ಮೇಲೆ ಕಣ್ಣಿಟ್ಟವನಿಗೂ ಕಾಣುತ್ತದೆ, ಮತ್ತು ಕಂಡದ್ದನ್ನು ಬಳಸಿಕೊಳ್ಳಲು ವಕೀಲರೂ ಹಣವೂ ಸಾಮಾನ್ಯವಾಗಿ ಎರಡನೆಯವನ ಬಳಿ ಇರುತ್ತವೆ.

ನೋಂದಣಿಯ ಕಡೆ ಬಂದದ್ದು ‘ಕಾವೇರಿ’ ತಂತ್ರಾಂಶ. 2023ರಲ್ಲಿ ರಾಜ್ಯದಾದ್ಯಂತ ಜಾರಿಯಾದ ಇದರ ಎರಡನೆಯ ಆವೃತ್ತಿಯಲ್ಲಿ, ಕ್ರಯಪತ್ರದ ವಿವರಗಳನ್ನು ಮನೆಯಿಂದಲೇ ತುಂಬಿ, ಉಪನೋಂದಣಾಧಿಕಾರಿಯ ಕಚೇರಿಯು ಅದನ್ನು ಪರಿಶೀಲಿಸಿದ ಮೇಲೆ ಶುಲ್ಕವನ್ನು ಆನ್‌ಲೈನಿನಲ್ಲೇ ಕಟ್ಟಿ, ದಿನ ಮತ್ತು ವೇಳೆ ಗೊತ್ತುಮಾಡಿಕೊಂಡು ಹೋದರೆ, ಕಚೇರಿಯಲ್ಲಿ ಉಳಿಯುವ ಕೆಲಸ ಭಾವಚಿತ್ರ ಮತ್ತು ಹೆಬ್ಬೆಟ್ಟಿನದಷ್ಟೆ. ಸ್ವತ್ತಿನ ಮೇಲೆ ಈವರೆಗೆ ನೋಂದಣಿಯಾಗಿರುವ ಮಾರಾಟ, ಅಡಮಾನಗಳನ್ನು ಪಟ್ಟಿಮಾಡುವ ಋಣಭಾರ ಪ್ರಮಾಣಪತ್ರವೂ, ಜನರ ಬಾಯಲ್ಲಿ ಇಸಿ, ಇಲ್ಲಿಯೇ ದೊರೆಯುತ್ತದೆ. ಆದರೆ ಗಣಕದಲ್ಲಿ ಈ ಪಟ್ಟಿ ಆರಂಭವಾಗುವುದು 2004ರ ಏಪ್ರಿಲ್ 1ರಿಂದ. ವಕೀಲರು 30 ವರ್ಷಗಳ ಹಿಂದಿನವರೆಗೆ ದಾಖಲೆ ಕೇಳುವುದು ರೂಢಿಯಾದ್ದರಿಂದ, ಅದಕ್ಕೂ ಹಿಂದಿನ ಅವಧಿಗೆ ಕಚೇರಿಗೆ ಅರ್ಜಿ ಹಾಕಿ ಹಳೆಯ ಪುಸ್ತಕಗಳನ್ನೇ ತೆಗೆಸಬೇಕಾಗುತ್ತದೆ. ನೋಂದಣಿಯಾಗದ ಬಾಯಿಮಾತಿನ ಪಾಲುಪಟ್ಟಿ, ಸಾದಾ ಕಾಗದದ ಮೇಲಿನ ಕ್ರಯದ ಕರಾರು, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನ್ಯಾಯಾಲಯದಲ್ಲಿ ನಡೆಯುತ್ತಿರಬಹುದಾದ ದಾವೆ, ಇವು ಯಾವ ಇಸಿಯಲ್ಲಿಯೂ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಇಲ್ಲಿ ಕಾನೂನಿನ ಒಂದು ಮೂಲಭೂತ ಅಂಶವನ್ನು ಗಮನಿಸಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. ಮಾರುವವನಿಗೆ ಮಾರುವ ಅಧಿಕಾರ ನಿಜವಾಗಿಯೂ ಇದೆಯೆಂದು ಸರ್ಕಾರ ಖಾತರಿ ಕೊಡುವುದಿಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಹುಟ್ಟಿದ ಟಾರೆನ್ಸ್ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರಿದ್ದವನೇ ಒಡೆಯ, ತಪ್ಪಾದರೆ ಪರಿಹಾರದ ಹೊಣೆ ಸರ್ಕಾರದ್ದು. ಇಂಥ ಖಾತರಿಯಿಲ್ಲದ ವ್ಯವಸ್ಥೆಯನ್ನು ಎಷ್ಟೇ ವೇಗದ ಗಣಕಕ್ಕೆ ಏರಿಸಿದರೂ ವೇಗ ಹೆಚ್ಚುತ್ತದೆ, ಖಾತರಿ ಹುಟ್ಟುವುದಿಲ್ಲ. ಹತ್ತು ನಿಮಿಷದಲ್ಲಿ ನೋಂದಣಿ ಮುಗಿಯಿತೆಂಬ ಸಂತೋಷದಲ್ಲಿ ಕೊಳ್ಳುವವರು ಮರೆಯುವುದು ಹೆಚ್ಚಾಗಿ ಇದನ್ನೇ.

ದೇವನಹಳ್ಳಿ ಸೀಮೆಯಲ್ಲಿ ಈ ಮರೆವು ದುಬಾರಿಯಾಗಬಲ್ಲದು. ಉಳುಮೆಗೆಂದು ಸರ್ಕಾರದಿಂದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕುಟುಂಬಗಳಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು, ಪಿಟಿಸಿಎಲ್ ಎಂದೇ ಪರಿಚಿತವಾದ 1978ರ ಕಾಯ್ದೆ ನಿಷೇಧಿಸಿದೆ. ಅಂಥ ಜಮೀನನ್ನು ಮೂಲ ಕುಟುಂಬಕ್ಕೆ ಮರಳಿ ಕೊಡಿಸುವ ಅರ್ಜಿಗೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಮೂಲ ಮಂಜೂರಾತಿ ಯಾವ ಬಗೆಯದು, ಯಾರಿಗೆ, ಯಾವ ಷರತ್ತಿನ ಮೇಲೆ ಆಯಿತೆಂಬುದು ತಾಲ್ಲೂಕು ಕಚೇರಿಯ ಹಳೆಯ ಕಡತದಲ್ಲಿರುತ್ತದೆಯೇ ಹೊರತು ಬಡಾವಣೆಯ ಬಣ್ಣದ ನಕ್ಷೆಯಲ್ಲಲ್ಲ. ಪೋಡಿಯೂ ಇಂಥದೇ ವಿಚಾರ. ಒಂದೇ ಸರ್ವೆ ನಂಬರಿನೊಳಗಿನ ಹಲವು ಮಾಲೀಕರ ಹಿಡುವಳಿಗಳನ್ನು ಅಳೆದು, ನಕ್ಷೆಯಲ್ಲಿ ಪ್ರತ್ಯೇಕಿಸುವುದಕ್ಕೆ ಪೋಡಿ ಎನ್ನುತ್ತಾರೆ. ಪೋಡಿಯಾಗದ ನಂಬರಿನಲ್ಲಿ ಪಹಣಿಯು ಇಂಥವನಿಗೆ ಇಷ್ಟು ಗುಂಟೆ ಎಂದು ಹೇಳುತ್ತದೆ, ಆ ಗುಂಟೆಗಳು ಯಾವ ಮೂಲೆಯಲ್ಲಿವೆ ಎಂದು ಹೇಳುವುದಿಲ್ಲ. ರಾಜ್ಯ ಸರ್ಕಾರದ ‘ದಿಶಾಂಕ್’ ಆಪ್ ಹಿಡಿದು ಹೊಲದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರು, ಪಕ್ಕದ ಕೆರೆ, ಕಾಲುವೆಗಳ ಗೆರೆಗಳು ಕಾಣುತ್ತವೆ. ಕೆರೆಯಂಗಳವನ್ನೇ ಸೈಟು ಮಾಡಿ ಮಾರುವವರಿಂದ ತಪ್ಪಿಸಿಕೊಳ್ಳಲು ಇಷ್ಟು ಸಾಕು. ಗಡಿ ಗುರುತಿಸುವ ಹದ್ದುಬಸ್ತಿಗೆ ಮಾತ್ರ ಸರ್ವೇಯರ್ ಬಂದು ಅಳೆಯಲೇಬೇಕು.

ಊರೊಳಗಿನ ಮನೆಗಳ ಕಥೆ ಬೇರೆ. ಗ್ರಾಮಠಾಣ, ಅಂದರೆ ಜನ ತಲೆತಲಾಂತರದಿಂದ ಮನೆ ಕಟ್ಟಿಕೊಂಡಿರುವ ಊರ ನಡುವಿನ ನೆಲಕ್ಕೆ, ಹೊಲಕ್ಕಿರುವಂಥ ಪಹಣಿಯಿಲ್ಲ. 2013ರಲ್ಲಿ ಬಂದ ‘ಇ-ಸ್ವತ್ತು’ ತಂತ್ರಾಂಶದ ಮೂಲಕ ಗ್ರಾಮ ಪಂಚಾಯಿತಿಗಳು ಕೊಡುವ ನಮೂನೆ 9 ಮತ್ತು 11ಎ ಇಂಥ ಮನೆಗಳಿಗೂ, ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾಗಿ ಅನುಮೋದನೆ ಪಡೆದ ಬಡಾವಣೆಯ ಸೈಟುಗಳಿಗೂ ಆಧಾರ. ಅನುಮೋದನೆಯಿಲ್ಲದ ನೆಲದ ಸ್ವತ್ತುಗಳಿಗೆ ಕೊಡುವುದು 11ಬಿ. ಇ-ಸ್ವತ್ತಿನ ಮಾಹಿತಿ ಕಾವೇರಿಯೊಂದಿಗೆ ಜೋಡಣೆಯಾದ ಮೇಲೆ, ಕೈಬರಹದ ಖಾತೆ ತೋರಿಸಿ ಒಂದೇ ಸೈಟನ್ನು ಇಬ್ಬರಿಗೆ ಮಾರುವ ಹಳೆಯ ಚಾಳಿಗೆ ಅಡ್ಡಿ ಬಿದ್ದಿತು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳ ನಕ್ಷೆ ತೆಗೆಯಲಾಗುತ್ತದೆ. ಮೊದಲ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯ ಮೇಲೆ ಬ್ಯಾಂಕಿನ ಸಾಲ ಪಡೆಯಲಾಗದಿದ್ದ ಹಳ್ಳಿಯವರಿಗೆ ಇದರಿಂದ ಆಗಬಹುದಾದ ಉಪಕಾರ, ಸೈಟು ಮಾರಾಟದ ಎಲ್ಲ ಆಪ್‌ಗಳು ಸೇರಿ ಮಾಡಿದ್ದಕ್ಕಿಂತ ದೊಡ್ಡದು.

ಬೆಲೆಯ ವಿಷಯದಲ್ಲಿ ಯಂತ್ರ ಇನ್ನೂ ಸೋಲುತ್ತಲೇ ಇದೆ. ಅಮೆರಿಕದ ಜಿಲ್ಲೋ ಸಂಸ್ಥೆಯು ಗಣಕದ ಲೆಕ್ಕಾಚಾರದಿಂದ ಮನೆಗಳ ಬೆಲೆ ಅಂದಾಜು ಮಾಡಿ ತಾನೇ ಕೊಂಡು ಮಾರುವ ವಹಿವಾಟಿಗೆ ಇಳಿದು, ನಷ್ಟ ತಾಳಲಾರದೆ 2021ರ ನವೆಂಬರಿನಲ್ಲಿ ಅದನ್ನು ಮುಚ್ಚಿತು. ಮಾರಾಟದ ನಿಜವಾದ ಬೆಲೆಗಳು ಬಹುಮಟ್ಟಿಗೆ ಬಹಿರಂಗವಾಗಿರುವ ದೇಶದಲ್ಲೇ ಹೀಗಾಯಿತು. ಇಲ್ಲಿ ಸರ್ಕಾರ ನಿಗದಿಪಡಿಸುವ ಕನಿಷ್ಠ ಲೆಕ್ಕದ ಬೆಲೆಯಾದ ಮಾರ್ಗಸೂಚಿ ದರ ಒಂದು, ಕೈಬದಲಾಗುವ ಹಣ ಇನ್ನೊಂದು. ಶೇಕಡ 5ರ ಮುದ್ರಾಂಕ ಶುಲ್ಕದ ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡ 1ರಿಂದ 2ಕ್ಕೆ ಏರಿರುವಾಗ, ಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ಆಸೆ ತಗ್ಗುವ ಸಂಭವವಿಲ್ಲ. ಹೀಗಿರುವಾಗ ಆವತಿಯ ಚದರಡಿ ದರ ಇಷ್ಟೆಂದು ಜಾಲತಾಣದ ಗ್ರಾಫು ತೋರಿಸಿದರೆ, ಅದು ಮಾರುವವರು ಕೇಳಿದ ಬೆಲೆಗಳ ಸರಾಸರಿಯೆಂದೇ ತಿಳಿಯಬೇಕು.

2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ ಮೇಲೆ ನಂದಿ ಬೆಟ್ಟದ ತಪ್ಪಲಿನ ಹಳ್ಳಿಗಳ ಕಡೆ ‘ಫಾರ್ಮ್ ಪ್ಲಾಟ್’ಗಳ ಜಾಹೀರಾತು ಹೆಚ್ಚಿದೆ. ಡ್ರೋನ್ ಚಿತ್ರದಲ್ಲಿ ಮನೆಯ ಸೈಟಿನಂತೆಯೇ ಕಾಣುವ ಈ ತುಂಡುಗಳು ಕಾನೂನಿನ ದೃಷ್ಟಿಯಲ್ಲಿ ಕೃಷಿ ಭೂಮಿಯೇ ಆಗಿದ್ದು, ಪರಿವರ್ತನೆಯಾಗದೆ ಅಲ್ಲಿ ಸಾಮಾನ್ಯ ವಾಸದ ಬಡಾವಣೆ ಕಟ್ಟುವಂತಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯು ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗದೆ ಜಾಹೀರಾತು ಕೊಡುವಂತೆಯೇ ಇಲ್ಲ, ಮತ್ತು ಜಾಹೀರಾತಿನಲ್ಲಿ ಆ ನೋಂದಣಿಯ ಸಂಖ್ಯೆ ಇರಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಲು ಐದು ನಿಮಿಷವೂ ಬೇಡ.

ಜಾಲತಾಣಗಳೇ ಕೈಕೊಡುವುದೂ ಉಂಟು. 2025ರ ಆರಂಭದಲ್ಲಿ ಕಾವೇರಿ ಜಾಲತಾಣದ ಮೇಲೆ ಕೃತಕವಾಗಿ ಬೇಡಿಕೆಗಳ ಪ್ರವಾಹ ಹರಿಸಿ ಅದನ್ನು ನಿಷ್ಕ್ರಿಯಗೊಳಿಸುವ ಸೈಬರ್ ದಾಳಿ ನಡೆದು, ರಾಜ್ಯದಾದ್ಯಂತ ನೋಂದಣಿಗೆ ಅಡಚಣೆಯಾಗಿತ್ತು. ಆದ್ದರಿಂದ ಆವತಿಯ ಕಡೆ ಸೈಟು ನೋಡುತ್ತಿರುವ ಓದುಗರು ಎಲ್ಲ ಹಣದ ಗಡುವನ್ನೂ ನೋಂದಣಿಯ ದಿನಕ್ಕೇ ಕಟ್ಟಿಹಾಕದೆ ಕರಾರಿನಲ್ಲಿ ಕೆಲವು ದಿನಗಳ ಅವಕಾಶ ಬರೆಸಿಕೊಳ್ಳಲಿ. ಮುಂಗಡ ಕೊಡುವ ಮುನ್ನ ಪಹಣಿ, ಮ್ಯುಟೇಶನ್, ಪರಿವರ್ತನೆಯ ಆದೇಶಗಳನ್ನು ಪರದೆಯಲ್ಲಿ ನೋಡಿ, 2004ಕ್ಕೂ ಹಿಂದಿನ ಇಸಿಗೆ ಕಚೇರಿಯಲ್ಲಿ ಅರ್ಜಿ ಹಾಕಲಿ, ಮೂಲ ಮಂಜೂರಾತಿಯ ಕಡತವನ್ನು ವಕೀಲರಿಂದ ತೆಗೆಸಿ ಓದಿಸಲಿ.