ಹೆಬ್ಬಾಳ, ಯಲಹಂಕ: ನಾಡಿನಿಂದ ಪಾಲಿಕೆವರೆಗೆ

ಹೆಬ್ಬಾಳ ಫ್ಲೈಓವರ್ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದ್ದೀರಾ? ಹಾಗಾದ್ರೆ ಒಂದು ವಿಷಯ ಕೇಳಿ. ಸುಮಾರು 1,270 ವರ್ಷದ ಹಿಂದೆ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು ಮೂವತ್ತು.

ಇದನ್ನ ಹೇಳೋದು 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಒಂದು ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯವರು, ಅಂದ್ರೆ ರಾಷ್ಟ್ರಕೂಟರು, ದಾಳಿ ಮಾಡಿದಾಗ ಕಿತ್ತಯ್ಯ ಅನ್ನೋ ವೀರ ಹೋರಾಡಿ ಪ್ರಾಣ ಬಿಟ್ಟ. ಕಲ್ಲಿನ ಮೇಲೆ ಅವನ ಶಿಲ್ಪ ಇದೆ, ಜೊತೆಗೆ ಕನ್ನಡ ಬರಹ. ಅದರಲ್ಲಿ ರಾಜನ ಹೆಸರು, ನಾಡನ್ನ ಆಳ್ತಿದ್ದವನ ಹೆಸರು, ಆಮೇಲೆ ಸತ್ತವನ ಹೆಸರು. ನಾಡಿನ ಹೆಸರಿಗೆ ಅಂಟಿದ ಮೂವತ್ತು, ಹಳ್ಳಿಗಳ ಲೆಕ್ಕ ಅಂತಾರೆ ವಿದ್ವಾಂಸರು. ಗಂಗರ ಇಡೀ ನಾಡಾದ ಗಂಗವಾಡಿಗೂ ಹೀಗೇ ಸಂಖ್ಯೆ ಇತ್ತು: ತೊಂಬತ್ತಾರು ಸಾವಿರ! ನಮ್ಮೂರಿನ ಇತಿಹಾಸಕ್ಕೆ ಈ ಕಲ್ಲಿಗಿಂತ ದೊಡ್ಡ ಆಸ್ತಿ ಬೇಕಾ?

ಪಕ್ಕದ ಯಲಹಂಕಕ್ಕೆ ಬನ್ನಿ. ಚೋಳರ ತಮಿಳು ಶಾಸನಗಳಲ್ಲಿ ಇದು ಇಲೈಪಾಕ್ಕ ನಾಡು. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಪ್ರಭು. ಅಂದ್ರೆ ಬೆಂಗಳೂರಿಗಿಂತ ಯಲಹಂಕವೇ ಹಳೇ ಅಧಿಕಾರ ಕೇಂದ್ರ. ಈಗ ಅದು ಬೆಂಗಳೂರಿನ ಒಂದು ಬಡಾವಣೆ ಅಂತ ಯಾರಾದ್ರೂ ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಆಮೇಲಿನ ಕಥೆ ಬೇಗ ಮುಗಿಯುತ್ತೆ. ಸ್ವಂತ ನಗರಸಭೆ ಇದ್ದ ಯಲಹಂಕ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿತು. ಅದರ ಜೊತೆ ಇನ್ನೂ ಆರು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಯಲಹಂಕ, ಹೆಬ್ಬಾಳ ಈಗ ಬೆಂಗಳೂರು ಉತ್ತರ ನಗರ ಪಾಲಿಕೆಯಲ್ಲಿವೆ.