ದೇಹಚಿಕಿತ್ಸೆಯೊಡನೆ ಮನಶ್ಚಿಕಿತ್ಸೆ: ಬಳ್ಳಾರಿಯ ಪಾಠ

ಶರೀರ ಮತ್ತು ಮನಸ್ಸು ಎರಡೂ ವ್ಯಾಧಿಗಳಿಗೆ ಆಶ್ರಯವೆಂದು ಚರಕ ಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ. ಆಧುನಿಕ ವೈದ್ಯವ್ಯವಸ್ಥೆಯಾದರೋ ಇವೆರಡಕ್ಕೂ ಬೇರೆ ಬೇರೆ ಆಸ್ಪತ್ರೆಗಳನ್ನು ಕಟ್ಟಿತು. ರೋಗಿಯು ಮಾತ್ರ ಎರಡನ್ನೂ ಒಟ್ಟಿಗೆ ಹೊತ್ತು ಒಂದೇ ಬಾಗಿಲಿಗೆ ಬರುತ್ತಾನೆ. ತಲೆಭಾರ, ನಿಶ್ಶಕ್ತಿ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು: ಇವೇ ಅವನ ದೂರುಗಳು. ಇವುಗಳ ಹಿಂದೆ ಖಿನ್ನತೆಯಿದ್ದರೂ ಅದನ್ನು ಅವನು ತಾನಾಗಿ ಹೆಸರಿಸುವುದು ಅಪರೂಪ. ಕೇಳಲು ಕಲಿಯದ ವೈದ್ಯನು ಶಕ್ತಿಯ ಮಾತ್ರೆಯನ್ನು ಕೊಟ್ಟು ಕಳುಹಿಸುತ್ತಾನೆ; ವ್ಯಾಧಿಯು ಇದ್ದಲ್ಲಿಯೇ ಇರುತ್ತದೆ.

ಈ ಕೊರತೆಯನ್ನು ನೀಗುವ ದಾರಿಯನ್ನು ತೋರಿಸಿದವರಲ್ಲಿ ನಮ್ಮ ನಾಡಿನವರೂ ಉಂಟು. 1974ರ ಕೊನೆಯಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನು ಕೊಡತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಅದೇ ದಶಕದಲ್ಲಿ ಈ ಪದ್ಧತಿಯನ್ನು ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಲಾಯಿತು. 1996ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಅಲ್ಲಿ ಯಾರನ್ನೂ ಮನೋವೈದ್ಯರನ್ನಾಗಿ ಮಾಡಲು ಹೊರಟಿರಲಿಲ್ಲ. ಕಾರ್ಯಕರ್ತನು ಮನೆ ಮನೆಗೆ ಹೋದಾಗ ಉನ್ಮಾದ, ಅಪಸ್ಮಾರ, ಬುದ್ಧಿಮಾಂದ್ಯಗಳ ಲಕ್ಷಣಗಳನ್ನು ಗುರುತಿಸಬೇಕು. ವೈದ್ಯನು ಪರೀಕ್ಷಿಸಿ ಔಷಧವನ್ನು ಕೊಡಬೇಕು. ಕಠಿಣವಾದುದನ್ನು ಜಿಲ್ಲಾ ತಂಡಕ್ಕೆ ಕಳುಹಿಸಬೇಕು. ಇದಕ್ಕಾಗಿ ಆರೇ ಆರು ಮುಖ್ಯ ಔಷಧಗಳನ್ನು ಆರೋಗ್ಯ ಕೇಂದ್ರಗಳಿಗೆ ಒದಗಿಸಿ, ಸರಳವಾದ ದಾಖಲೆ ಪುಸ್ತಕವನ್ನೂ ಮೇಲ್ವಿಚಾರಣೆಯನ್ನೂ ಏರ್ಪಡಿಸಲಾಯಿತು. ಶಿಕ್ಷಣ, ಔಷಧ, ದಾಖಲೆ, ಮೇಲ್ವಿಚಾರಣೆ ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದವು ನಿಲ್ಲಲಾರವು. ಔಷಧವಿಲ್ಲದ ಕೇಂದ್ರಕ್ಕೆ ಹಿಂತಿರುಗಿದ ವೈದ್ಯನು ಕಲಿತುದನ್ನು ಬೇಗನೆ ಮರೆಯುತ್ತಾನೆ.

ಈ ಶಿಕ್ಷಣವು ಏಕಮುಖವಾಗಿರಕೂಡದು. ಸಿಹಿಮೂತ್ರ ರೋಗಿಗಳಲ್ಲಿ ಖಿನ್ನತೆಯು ಇತರರಿಗಿಂತ ಹೆಚ್ಚು. ಖಿನ್ನನಾದವನು ಔಷಧ ಪಥ್ಯಗಳನ್ನು ಕೈಬಿಡುತ್ತಾನೆ. ಥೈರಾಯ್ಡ್ ಗ್ರಂಥಿಯ ಮಾಂದ್ಯವು ಖಿನ್ನತೆಯ ವೇಷದಲ್ಲಿ ಬರಬಹುದು. ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಚಿತ್ತವನ್ನು ಕೆಡಿಸಬಹುದು. ಇತ್ತ ಚಿತ್ತವಿಕಾರಕ್ಕೆ ಕೊಡುವ ಕೆಲವು ಹೊಸ ಔಷಧಗಳು ದೇಹದ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತವೆ. ತೀವ್ರ ಮನೋರೋಗಿಗಳು ಇತರರಿಗಿಂತ ಬೇಗ ಸಾಯುವುದಕ್ಕೆ ಹೃದ್ರೋಗಾದಿ ದೇಹವ್ಯಾಧಿಗಳೇ ಬಹುಮಟ್ಟಿಗೆ ಕಾರಣ. ಆದುದರಿಂದ ಸಾಮಾನ್ಯ ವೈದ್ಯನು ಮನಸ್ಸನ್ನು ವಿಚಾರಿಸಲು ಕಲಿಯುವಂತೆ, ಮನೋವೈದ್ಯನು ರಕ್ತದೊತ್ತಡವನ್ನು ಅಳೆಯುವುದನ್ನು ಮರೆಯದಿರಲು ಕಲಿಯಬೇಕು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಮಾತು ಮುಖ್ಯ. ಕೂಲಿಗಾಗಿ ಮುಂಬಯಿಗೋ ಪುಣೆಗೋ ಬಂದ ಕನ್ನಡಿಗನು "ಜೀವಕ್ಕೆ ಸಮಾಧಾನ ಇಲ್ಲ", "ಎದಿ ಹಾರತೈತಿ" ಎಂದರೆ, ಅದು ಅಲ್ಲಿಯ ವೈದ್ಯನ ಕಿವಿಗೆ ಹೃದಯದ ಬೇನೆಯಾಗಿ ಮಾತ್ರ ಮುಟ್ಟೀತು. ಮೊದಲನೆಯ ಮಾತು ಮುಟ್ಟದೆಯೂ ಹೋದೀತು. ಹೃದಯವನ್ನು ಪರೀಕ್ಷಿಸಬೇಕಾದುದು ನಿಜ. ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಬಾರದು. ಇಂಥ ನುಡಿಗಟ್ಟುಗಳನ್ನು ಅರ್ಥದೊಡನೆ ಸಂಗ್ರಹಿಸಿ ವೈದ್ಯರ ಕೈಗೆ ಕೊಡುವುದು ನಮ್ಮ ಸಂಘಗಳಿಗೆ ಸಾಧ್ಯವಾದ ಕೆಲಸ. ಭಾಷೆಯ ಸೇವೆಯೆಂದು ನಾವು ಹೇಳಿಕೊಳ್ಳುವುದರಲ್ಲಿ ಇದಕ್ಕೂ ಸ್ಥಳವಿರಬೇಕು.