ಆಂಟಿಯ ಇಂಗ್ಲಿಷ್, ಆಯಮ್ಮನ ಕನ್ನಡ

ಡಿಸೆಂಬರ್ ಬಂತು ಅಂದ್ರೆ ಸಾಕು, ಬೆಂಗಳೂರಿನ ಗೋಡೆ, ಮರ, ಕರೆಂಟ್ ಕಂಬದ ಮೇಲೆಲ್ಲ 'ಅಡ್ಮಿಷನ್ ಓಪನ್' ಬೋರ್ಡುಗಳು. ಈಚೆಗೆ ಅವುಗಳಲ್ಲಿ ಎರಡು ಪದ ಒಟ್ಟಿಗೇ ಕಾಣುತ್ತಿವೆ: ಮಾಂಟೆಸ್ಸರಿ ಮತ್ತು ಬೈಲಿಂಗ್ವಲ್. ಎರಡೂವರೆ ವರ್ಷದ ಮಗುವಿಗೆ ಲಕ್ಷ ರೂಪಾಯಿ ದಾಟಿದ ಫೀಸು ಕೇಳುವ ಕಡೆಯೂ ಇದೇ ಬೋರ್ಡು, ಗಲ್ಲಿಯ ಮಹಡಿ ಮನೆಯಲ್ಲೂ ಇದೇ ಬೋರ್ಡು. ನೇರವಾಗಿ ಹೇಳ್ತೀನಿ ವೀಕ್ಷಕರೇ, ಈ ಎರಡೂ ಪದಗಳಿಗೆ ಕಾವಲುಗಾರರಿಲ್ಲ.

ಮೊದಲ ಪದ ನೋಡಿ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧ ಶುರುವಾಗಿ, ಇಟಲಿ ಬ್ರಿಟಿಷರ ಶತ್ರುವಾಗಿದ್ದರಿಂದ 1946ರವರೆಗೆ ಇಲ್ಲೇ ಉಳಿಯಬೇಕಾಯಿತು. ದಕ್ಷಿಣ ಭಾರತಕ್ಕೆ ಈ ಪದ್ಧತಿ ಹೊಸದೇನಲ್ಲ ಅನ್ನೋದಕ್ಕೆ ಇಷ್ಟು ಹೇಳಿದೆ. ಆದರೆ ಹೆಸರು ಯಾರ ಸೊತ್ತೂ ಅಲ್ಲ. ಅಮೆರಿಕದಲ್ಲಿ ಹೆಸರಿನ ಹಕ್ಕಿಗಾಗಿ ಎರಡು ಸಂಸ್ಥೆಗಳು ಕಿತ್ತಾಡಿದಾಗ, ಇದು ಸಾಮಾನ್ಯ ಪದ ಅಂತ 1967ರಲ್ಲೇ ತೀರ್ಮಾನವಾಯಿತು. ನಾಳೆ ಬೆಳಗ್ಗೆ ನಾನೂ ನೀವೂ ಒಂದು ಬೋರ್ಡು ಬರೆಸಬಹುದು. ಹಾಗಾಗಿ ಟೀಚರ್ ಎಲ್ಲಿ, ಎಷ್ಟು ದಿನ ತರಬೇತಿ ಪಡೆದಿದ್ದಾರೆ ಅಂತ ಕೇಳೋದಕ್ಕೆ ಸಂಕೋಚ ಬೇಡ.

ಎರಡನೆಯ ಪದ ಇನ್ನೂ ಸಡಿಲ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಡ್ಡಾಯ, ನಿಜ. ಆದರೆ ಅದು ಶುರುವಾಗೋದು ಒಂದನೇ ತರಗತಿಯಿಂದ. ಎರಡೂವರೆಯಿಂದ ಆರು ವರ್ಷ, ಅಂದರೆ ಮಾಂಟೆಸ್ಸರಿಯ ವಯಸ್ಸು, ಅದರ ಆಚೆಗಿದೆ. 'ನಮ್ದು ದ್ವಿಭಾಷಾ ಶಾಲೆ' ಅಂದವರನ್ನ ಹೇಗೆ ಅಂತ ಕೇಳಬೇಕಾದವರು ನೀವೇ.

ನನ್ನ ತಂಗಿಯ ಮಗಳನ್ನು ಸೇರಿಸಲು ಹೋದಾಗ ನಾನು ನೋಡಿದ ಒಂದು ಶಾಲೆ ಹೇಳ್ತೀನಿ, ಹೆಸರು ಬೇಡ. ಅಲ್ಲಿ ಟೀಚರನ್ನು ಮಕ್ಕಳು 'ಆಂಟಿ' ಅಂತಾರೆ. ಆಂಟಿ ಮಕ್ಕಳ ಜೊತೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಕೇಳಿಸಿದ್ದು ಎಲ್ಲಿ ಗೊತ್ತಾ? ಬಾತ್‌ರೂಮಿನ ಬಾಗಿಲಲ್ಲಿ. 'ಬಾ ಪುಟ್ಟಾ, ಚಡ್ಡಿ ಹಾಕ್ಕೋ' ಅಂತ ಆಯಮ್ಮ ಕರೀತಿದ್ರು. ಎರಡು ಭಾಷೆ ಇತ್ತಲ್ಲ ಸ್ವಾಮಿ, ಸುಳ್ಳೇನು! ಆದರೆ ಮೂರು ವರ್ಷದ ಮಗು ಅಲ್ಲಿ ಇನ್ನೊಂದನ್ನೂ ಕಲಿಯುತ್ತೆ. ಕಲಿಸೋರ ಭಾಷೆ ಒಂದು, ತೊಳೆಯೋರ ಭಾಷೆ ಇನ್ನೊಂದು. ಆಯಮ್ಮನ ಕನ್ನಡದಲ್ಲಿ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಆ ಪ್ರೀತಿ ಬಾತ್‌ರೂಮಿನಲ್ಲೇ ನಿಂತುಹೋದರೆ ಹೇಗೆ? ಅಲ್ಲಿ ನಾವು ಸೇರಿಸಲಿಲ್ಲ.

ನಿಜವಾದ ದ್ವಿಭಾಷಾ ತರಗತಿ ಹೇಗಿರುತ್ತೆ? ಸಾಮಾನ್ಯವಾಗಿ ಇಬ್ಬರು ತರಬೇತಾದ ಟೀಚರ್‌ಗಳು, ಒಬ್ಬೊಬ್ಬರು ಒಂದೊಂದು ಭಾಷೆ. ಗುಲಾಬಿ ಗೋಪುರದ ಹತ್ತು ಘನಗಳನ್ನು ಜೋಡಿಸೋದನ್ನ, ಚಿನ್ನದ ಬಣ್ಣದ ಮಣಿಗಳಲ್ಲಿ ಸಾವಿರದವರೆಗೆ ಎಣಿಸೋದನ್ನ ಕನ್ನಡದಲ್ಲೂ ತೋರಿಸ್ತಾರೆ. ಲೆಕ್ಕ ಕನ್ನಡದಲ್ಲಿ ನಡೆಯುತ್ತಾ ಅಂತ ಗಮನಿಸಿ. ಹಾಡು, ಕಥೆಗೆ ಮಾತ್ರ ಕನ್ನಡ ಇಟ್ಟ ಕಡೆ ಅದು ಊಟದ ಎಲೆಯ ಉಪ್ಪಿನಕಾಯಿ ಅಷ್ಟೇ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಕಪಾಟು ನೋಡಿ. ಈ ಪದ್ಧತಿಯಲ್ಲಿ ಸ್ಯಾಂಡ್ ಪೇಪರಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತಾ ಅದರ ಧ್ವನಿ ಹೇಳುತ್ತೆ. ಆಮೇಲೆ ಬಿಡಿ ಅಕ್ಷರಗಳ ಪೆಟ್ಟಿಗೆಯಿಂದ ಪದ ಕಟ್ಟುತ್ತೆ. ಇದು ಹುಟ್ಟಿದ್ದು ಇಟಾಲಿಯನ್ ಭಾಷೆಯಲ್ಲಿ. ಅದೂ ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ. ಹಾಗೆ ನೋಡಿದ್ರೆ ಈ ಪದ್ಧತಿ ಇಂಗ್ಲಿಷಿಗಿಂತ ನಮ್ಮ ಕನ್ನಡಕ್ಕೇ ಚೆನ್ನಾಗಿ ಒಗ್ಗುತ್ತೆ. ತೊಡಕೂ ಇದೆ. ಇಂಗ್ಲಿಷ್ ಪೆಟ್ಟಿಗೆಗೆ 26 ಅಕ್ಷರ ಸಾಕು. ನಮಗೆ 49 ಅಕ್ಷರದ ಜೊತೆ ಗುಣಿತ, ಒತ್ತಕ್ಷರ ಬೇಕು. ಮಗು ಮೊದಲು ಬರೆಯಬೇಕು ಅನ್ನೋ ಪದಗಳೇ ಅಮ್ಮ, ಅಪ್ಪ, ಅಕ್ಕ, ಅಣ್ಣ. ಎಲ್ಲದರಲ್ಲೂ ಒತ್ತು! ಹಾಗಾಗಿ ಕನ್ನಡ ಪೆಟ್ಟಿಗೆ ಮಾಡಿಸೋದಕ್ಕೆ ಯಾರಾದರೂ ಕೂತು ತಲೆ ಕೆಡಿಸಿಕೊಂಡಿರಬೇಕು. ಅದು ಕಪಾಟಿನಲ್ಲಿದ್ದು, ಅಂಚು ಸವೆದಿದ್ದರೆ ಆ ಶಾಲೆಯಲ್ಲಿ ಕನ್ನಡ ಕೆಲಸ ಮಾಡ್ತಿದೆ ಅಂತ ಅರ್ಥ. ಹೊಸದಾಗಿ ಮಿರಮಿರ ಹೊಳೀತಿದ್ರೆ ಅದು ಅಪ್ಪ ಅಮ್ಮಂದಿರಿಗೆ ತೋರಿಸೋದಕ್ಕೆ.

ಮನೆಯಲ್ಲಿ 'ಕಮ್ ಪುಟ್ಟಾ, ಈಟ್ ಮಾಡು' ಅನ್ನೋ ನಾವು ಶಾಲೆಯಿಂದ ಇಷ್ಟೆಲ್ಲ ಕೇಳಬಹುದಾ ಅಂತ ತಂಗಿಯ ಗಂಡ ನಕ್ಕರು. ಕೇಳಬಹುದು. ದುಡ್ಡು ಕಟ್ಟೋರು ನೀವು. ಆದರೆ ಊಟದ ಹೊತ್ತಿನ ಕನ್ನಡ ಮನೆಯದ್ದೇ ಜವಾಬ್ದಾರಿ.

ಕೊನೆಗೆ ಒಂದು ಮಾತು, ಇದು ಹಣದ್ದು. ಇಲ್ಲಿ ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿರ್ತಾರೆ, ಚಿಕ್ಕವು ದೊಡ್ಡವನ್ನ ನೋಡಿ ಕಲೀತಾವೆ. ಬರವಣಿಗೆ, ಲೆಕ್ಕ ಕೈಗೂಡೋದು ಹೆಚ್ಚಾಗಿ ಮೂರನೇ ವರ್ಷದಲ್ಲಿ. ಒಂದು ವರ್ಷ ಇಟ್ಟು, ಎಬಿಸಿಡಿ ಬರಲಿಲ್ಲ ಅಂತ ಎಲ್‌ಕೆಜಿಗೆ ಎಳೆದುಕೊಂಡು ಹೋಗೋದಾದ್ರೆ ಮೊದಲೇ ಸೇರಿಸಬೇಡಿ. ಸೇರಿಸೋದಾದ್ರೆ ಮೂರು ವರ್ಷದ ಫೀಸು ಎಷ್ಟಾಗುತ್ತೆ, ವರ್ಷಕ್ಕೆಷ್ಟು ಏರಿಸ್ತೀರಿ ಅಂತ ಬರೆಸಿಕೊಳ್ಳಿ. ತರಗತಿ ನಡೆಯೋ ಹೊತ್ತಿನಲ್ಲಿ ಮೂಲೆಯಲ್ಲಿ ಅರ್ಧ ಗಂಟೆ ಕೂರೋಕೆ ಬಿಡ್ತೀರಾ ಅಂತಾನೂ ಕೇಳಿ.